ಕಾರಿನ ಹೀಟರ್ ಫ್ಯಾನ್: 4ರಲ್ಲಿ ಜೋರು, 1-2-3ರಲ್ಲಿ ಸದ್ದೇ ಇಲ್ಲ

ಕೆಎ02 ವಿಜಯನಗರ

ಎಲ್ಲರಿಗೂ ನಮಸ್ಕಾರ. ನಮ್ಮದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ನಾಬ್ ತಿರುಗಿಸುವ ಮ್ಯಾನುವಲ್ ಎಸಿ, ಫ್ಯಾನಿಗೆ ನಾಲ್ಕು ಸ್ಪೀಡ್. ಈಗ 1, 2, 3ರಲ್ಲಿ ಫ್ಯಾನ್ ತಿರುಗುವುದೇ ಇಲ್ಲ. 4ಕ್ಕೆ ಹಾಕಿದರೆ ಮಾತ್ರ ಒಮ್ಮೆಲೇ ಭರ್ರೆಂದು ಗಾಳಿ ಬರುತ್ತದೆ. ಹೀಟರ್ ಹಾಕಿದರೂ ಹೀಗೇ, ಎಸಿ ಹಾಕಿದರೂ ಹೀಗೇ. ಮೂರೂ ಸ್ಪೀಡ್ ಒಟ್ಟಿಗೇ ಹೋದವು.

ಬೆಂಗಳೂರಲ್ಲಿ ಹೀಟರ್ ಯಾಕೆ ಅನ್ನಬೇಡಿ. ಸಂಜೆ ಮಳೆ ಹಿಡಿದರೆ ಮೈಸೂರು ರಸ್ತೆಯಲ್ಲಿ ಮುಂದಿನ ಗಾಜಿನ ಒಳಗೆಲ್ಲ ಮಂಜು ಕಟ್ಟುತ್ತದೆ. ಫ್ಯಾನ್ ಇಲ್ಲದಿದ್ದರೆ ಮುಂದೆ ಹೋಗುವ ಬೈಕೂ ಕಾಣುವುದಿಲ್ಲ. 4ರಲ್ಲೇ ಇಟ್ಟುಕೊಂಡರೆ ಹಿಂದೆ ಕೂತ ಅಪ್ಪನಿಗೆ ಆ ಸದ್ದಿಗೇ ತಲೆನೋವು ಬರುತ್ತದೆ.

ಒಂದು ಸರ್ವೀಸ್ ಸೆಂಟರಿನಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ನಾಬ್ ತಿರುಗಿಸಿ ನೋಡಿ, ಬ್ಲೋವರ್ ಮೋಟಾರ್, ಅಂದರೆ ಫ್ಯಾನ್ ತಿರುಗಿಸುವ ಮೋಟಾರ್, ಪೂರ್ತಿ ಬದಲಿಸಬೇಕು ಎಂದು ಸಾವಿರಗಟ್ಟಲೆ ಎಸ್ಟಿಮೇಟ್ ಕೊಟ್ಟರು. 4ರಲ್ಲಿ ಅಷ್ಟು ಚೆನ್ನಾಗಿ ಓಡುವ ಮೋಟಾರ್ ಕೆಟ್ಟಿದೆ ಅನ್ನುವುದು ಹೇಗೆ ಎಂದು ಕೇಳಿದೆ. ಸರಿಯಾದ ಉತ್ತರ ಸಿಗಲಿಲ್ಲ. ಫ್ಯೂಸ್ ನಾನೇ ತೆಗೆದು ನೋಡಿದ್ದೇನೆ, ಸರಿಯಾಗಿದೆ. ಮನೆಯಲ್ಲಿ ಮಲ್ಟಿಮೀಟರ್ ಇದೆ. ಸ್ಕ್ರೂಡ್ರೈವರ್ ಹಿಡಿಯಲು ಭಯವೂ ಇಲ್ಲ. ಎಲ್ಲಿ ಬಿಚ್ಚಬೇಕು, ಏನು ನೋಡಬೇಕು, ತಿಳಿದವರು ಹೇಳಿ.

ಕೆಎ05 ಜಯನಗರ

ಬ್ಲೋವರ್ ರೆಸಿಸ್ಟರ್ ಹೋಗಿದೆ ಮೇಡಂ. ಮೋಟಾರಿಗೆ ದುಡ್ಡು ಕೊಡಬೇಡಿ. ಕಾರಿನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿಗೆ ಹೋದರೆ ರೆಸಿಸ್ಟರ್ ಒಂದೇ ಸಿಗುತ್ತದೆ.

ಲಗ್ಗೆರೆ ಗ್ಯಾರೇಜ್

ಜಯನಗರದವರು ಹೇಳಿದ್ದು ಸರಿ. ಆದರೆ ರೆಸಿಸ್ಟರ್ ಸುಮ್‌ಸುಮ್ನೆ ಸುಡುವುದಿಲ್ಲ. ಹೊಸದು ಹಾಕಿ ಕಳಿಸಿದ ಗಾಡಿ ಆರು ತಿಂಗಳಲ್ಲಿ ವಾಪಸ್ ಬರುವುದನ್ನು ನಮ್ಮ ಲೈನಿನಲ್ಲಿ ಎಲ್ಲರೂ ನೋಡಿರುತ್ತಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾಬ್ ಇರುವ ಹಳೇ ಪದ್ಧತಿಯ ಕಾರಿನಲ್ಲಿ ಮೋಟಾರ್ ಒಂದೇ. ಸ್ಪೀಡ್ ಕಡಿಮೆ ಮಾಡಲು ಮೋಟಾರಿನ ಸಾಲಿನಲ್ಲಿ ರೆಸಿಸ್ಟರ್ ಸುರುಳಿಗಳನ್ನು ಸೇರಿಸಿರುತ್ತಾರೆ. 1ರಲ್ಲಿ ಕರೆಂಟ್ ಎಲ್ಲ ಸುರುಳಿ ದಾಟಿ ಹೋಗಬೇಕು. 2ರಲ್ಲಿ ಒಂದು ಸುರುಳಿ ಕಡಿಮೆ. 3ರಲ್ಲಿ ಇನ್ನೂ ಒಂದು ಕಡಿಮೆ. 4ರಲ್ಲಿ ಸುರುಳಿಯೇ ಇಲ್ಲ, ಮೋಟಾರಿಗೆ ನೇರ ಬ್ಯಾಟರಿ ವೋಲ್ಟೇಜ್. ಈ ಸುರುಳಿಗಳ ಜೊತೆ ಒಂದು ಥರ್ಮಲ್ ಫ್ಯೂಸ್ ಕೂಡ ಸಾಲಿನಲ್ಲಿ ಇರುತ್ತದೆ. ಬಿಸಿ ಮಿತಿ ಮೀರಿದರೆ ಅದು ಒಮ್ಮೆಗೇ ಕಡಿದುಹೋಗುತ್ತದೆ. ಆಮೇಲೆ ತಾನಾಗಿ ಸರಿಹೋಗುವುದಿಲ್ಲ.

ಹಾಗಾಗಿ ಯಾವ ಸ್ಪೀಡ್ ಹೋಗಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. 1-2-3 ಮೂರೂ ಹೋಗಿ 4 ಮಾತ್ರ ಉಳಿದರೆ ಥರ್ಮಲ್ ಫ್ಯೂಸ್, ಅಥವಾ ರೆಸಿಸ್ಟರಿಗೆ ವೈರ್ ಸಿಕ್ಕಿಸುವ ಕಪ್ಲರ್. 1 ಮಾತ್ರ ಹೋದರೆ 1ರಲ್ಲಿ ಮಾತ್ರ ಸೇರುವ ಕೊನೆಯ ಸುರುಳಿ ತುಂಡಾಗಿದೆ. ಮಧ್ಯದ ಒಂದು ಸ್ಪೀಡ್ ಮಾತ್ರ ಹೋಗಿ ಆಚೀಚೆ ಎರಡೂ ಸರಿಯಿದ್ದರೆ ಸುರುಳಿಯನ್ನು ಬೈಯಬೇಡಿ. ಸ್ವಿಚ್ಚಿನ ಪಾಯಿಂಟ್ ಸುಟ್ಟಿರುತ್ತದೆ, ಇಲ್ಲವೇ ಆ ಒಂದು ವೈರ್ ಬಿಟ್ಟಿರುತ್ತದೆ. 1-2-3 ಓಡಿ 4 ಮಾತ್ರ ಸತ್ತಿದ್ದರೆ ಸ್ವಿಚ್, ಅಥವಾ ಹೈ ಸ್ಪೀಡಿಗೆ ಬೇರೆ ರಿಲೇ ಇದ್ದರೆ ಅದು. ಯಾವುದೂ ಓಡದಿದ್ದರೆ ಮಾತ್ರ ಮೇನ್ ಫ್ಯೂಸ್, ಅರ್ತಿಂಗ್, ಮೋಟಾರ್ ಎಂದು ಹುಡುಕಬೇಕು.

ಎಲ್ಲಿ ಸಿಗುತ್ತದೆ ಅಂದರೆ, ಎಡಗಡೆ ಸೀಟಿನ ಮುಂದೆ, ಗ್ಲೋವ್ ಬಾಕ್ಸಿನ ಹಿಂದೆ. ದುಂಡಗಿನ ಬ್ಲೋವರ್ ಡಬ್ಬದ ಪಕ್ಕದಲ್ಲೇ ಎರಡು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಹೊರಗೆ ಕಪ್ಲರ್ ಮಾತ್ರ ಕಾಣುತ್ತದೆ. ಸುರುಳಿ ಗಾಳಿ ಹೋಗುವ ದಾರಿಯ ಒಳಗೆ ಇರುತ್ತದೆ. ಆ ಗಾಳಿಯೇ ಅದನ್ನು ತಣ್ಣಗಿಡಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿಚ್ಚುವ ಮುಂಚೆ ಕೀ ತೆಗೆದು ಬ್ಯಾಟರಿ ನೆಗೆಟಿವ್ ಬಿಚ್ಚಿ, ಸ್ವಲ್ಪ ಹೊತ್ತು ಬಿಡಿ. ಆ ಕಡೆ ಏರ್‌ಬ್ಯಾಗ್ ಇದ್ದರೆ ಹಳದಿ ಕಪ್ಲರ್ ಕಾಣುತ್ತದೆ. ಅದನ್ನು ಮುಟ್ಟಲೇಬೇಡಿ.

ಕೆಎ53 ಕೆ.ಆರ್. ಪುರ

ನನ್ನ ಕಾರಿಗೂ ಹೀಗೇ ಆಗಿತ್ತು. ನಮ್ಮ ಏರಿಯಾದ ಎಲೆಕ್ಟ್ರಿಷಿಯನ್ ಆ ಥರ್ಮಲ್ ಫ್ಯೂಸ್ ಮೇಲೆ ಒಂದು ವೈರ್ ಬೆಸುಗೆ ಹಾಕಿ ಶಾರ್ಟ್ ಮಾಡಿಕೊಟ್ಟರು. ಎಲ್ಲ ಸ್ಪೀಡೂ ಬಂತು. ಇನ್ನೂ ಓಡುತ್ತಿದೆ. ಖರ್ಚು ತುಂಬ ಕಡಿಮೆ. ಅದನ್ನೇ ಮಾಡಿಸಿ ಅಕ್ಕ.

ಇಇಇ ಮೇಷ್ಟ್ರು, ಮಲ್ಲೇಶ್ವರ

ದಯವಿಟ್ಟು ಮಾಡಿಸಬೇಡಿ. ಕೆ.ಆರ್. ಪುರದವರೇ, ನಿಮ್ಮ ಕಾರಿನ ಆ ವೈರನ್ನೂ ಈ ವಾರವೇ ತೆಗೆಸಿ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದು ಲೆಕ್ಕ ಹಾಕಿ ತೋರಿಸುತ್ತೇನೆ.

ಸುರುಳಿಗಳೆಲ್ಲ ಸೇರಿ 2 ಓಮ್ ಎಂದುಕೊಳ್ಳಿ. 1ರಲ್ಲಿ ಮೋಟಾರ್ ಸರಿಯಾಗಿ ತಿರುಗುವಾಗ ಸುಮಾರು 4 ಆಂಪಿಯರ್ ಹರಿಯುತ್ತದೆ ಎಂದುಕೊಳ್ಳಿ. ಆಗ ರೆಸಿಸ್ಟರಿನಲ್ಲಿ 8 ವೋಲ್ಟ್ ಬೀಳುತ್ತದೆ, 32 ವಾಟ್ ಬಿಸಿ ಹುಟ್ಟುತ್ತದೆ. ಗಾಳಿ ಬೀಸುತ್ತಿರುವುದರಿಂದ ತೊಂದರೆಯಿಲ್ಲ.

ಈಗ ಅದೇ 1ರಲ್ಲಿ ಮೋಟಾರ್ ಸಿಕ್ಕಿಹಾಕಿಕೊಂಡು ನಿಂತಿತು ಎನ್ನಿ. ತಿರುಗುವ ಮೋಟಾರ್ ಒಳಗೊಳಗೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆದಿರುತ್ತದೆ. ನಿಂತರೆ ಆ ತಡೆ ಇಲ್ಲ. ಎಂಜಿನ್ ಓಡುವಾಗ 13 ವೋಲ್ಟ್ ಮೇಲೇ ಇರುತ್ತದೆ. ಮೋಟಾರಿನ ಒಳಗೆ ಸುತ್ತಿದ ತಂತಿ 0.4 ಓಮ್ ಇದ್ದರೆ 5.4 ಆಂಪಿಯರ್ ಹರಿಯುತ್ತದೆ. ರೆಸಿಸ್ಟರಿನಲ್ಲಿ 58 ವಾಟ್! ಅದೂ ಒಂದಿಷ್ಟೂ ಗಾಳಿ ಇಲ್ಲದೆ, ಪ್ಲಾಸ್ಟಿಕ್ ಡಬ್ಬದ ಒಳಗೆ.

ಫ್ಯೂಸ್ ಬಾಕ್ಸಿನಲ್ಲಿರುವ 20, 30 ಆಂಪಿಯರ್ ಫ್ಯೂಸಿಗೆ ಈ 5.4 ಆಂಪಿಯರ್ ಲೆಕ್ಕಕ್ಕೇ ಇಲ್ಲ. ಅದು ಯಾವತ್ತೂ ಹಾರುವುದಿಲ್ಲ. ಈ ಅಪಾಯವನ್ನು ಕಂಡುಹಿಡಿಯಬಲ್ಲದ್ದು ಪಕ್ಕದಲ್ಲೇ ಕೂತು ಬಿಸಿ ನೋಡುವ ಥರ್ಮಲ್ ಫ್ಯೂಸ್ ಒಂದೇ. ಅದರ ಮೇಲೆ ವೈರ್ ಹಾಕಿದರೆ ಕಾವಲು ತೆಗೆದಂತಾಯಿತು. ಮುಂದಿನ ಸಲ ಮೋಟಾರ್ ನಿಂತಾಗ ಸುರುಳಿ ಕೆಂಪಗಾಗುತ್ತದೆ. ಡಬ್ಬದೊಳಗೆ ಒಣ ಎಲೆ ಇದ್ದರೆ ಏನಾಗಬಹುದು ಎಂದು ನೀವೇ ಯೋಚಿಸಿ. ಹಿಂದಿನ ಸೀಟಿನಲ್ಲಿ ಮಕ್ಕಳು, ಹಿರಿಯರು ಕೂರುವ ಗಾಡಿ ಅದು.

ಇನ್ನೊಂದು ವಿಷಯ. ಥರ್ಮಲ್ ಫ್ಯೂಸನ್ನು ಮಾತ್ರ ಬದಲಿಸಲು ಹೋಗಿ ಬೆಸುಗೆ ಹಾಕಿದರೆ, ಆ ಬೆಸುಗೆಯ ಬಿಸಿಗೇ ಹೊಸ ಫ್ಯೂಸ್ ಹಾರಿಹೋಗಬಹುದು. ಅದೇ ಡಿಗ್ರಿಯ ಫ್ಯೂಸ್ ತಂದು, ಬೆಸುಗೆ ಇಲ್ಲದೆ ಒತ್ತಿ ಬಿಗಿಸುವ ಸಣ್ಣ ಲೋಹದ ಕೊಳವೆ (ಕ್ರಿಂಪ್ ಸ್ಲೀವ್) ಹಾಕಬೇಕು. ಮನೆಯಲ್ಲಿ ಮಾಡುವವರಿಗೆ ರೆಸಿಸ್ಟರ್ ಪೂರ್ತಿ ಬದಲಿಸುವುದೇ ಒಳ್ಳೆಯದು.

ಕೆಎ53 ಕೆ.ಆರ್. ಪುರ

ಮೇಷ್ಟ್ರೇ, ಹೀಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಾಳೆಯೇ ಹೊಸ ರೆಸಿಸ್ಟರ್ ತರುತ್ತೇನೆ. ಅಲ್ಲಿಯವರೆಗೆ 4ರಲ್ಲಿ ಬಿಟ್ಟು ಬೇರೆ ಸ್ಪೀಡ್ ಬಳಸುವುದಿಲ್ಲ.

ಕ್ಯಾಬ್ ಓಡಿಸುವವ, ಕೆಂಗೇರಿ

ನಂದು ಸ್ವಲ್ಪ ಬೇರೆ ಥರ. 1ರಲ್ಲಿ, 2ರಲ್ಲಿ ಬೆಳಿಗ್ಗೆ ಶುರುವಾಗುವುದಿಲ್ಲ. 4ಕ್ಕೆ ಹಾಕಿ ಒಮ್ಮೆ ತಿರುಗಿದ ಮೇಲೆ 1ಕ್ಕೆ ಇಳಿಸಿದರೆ ಓಡುತ್ತದೆ. ಗ್ಲೋವ್ ಬಾಕ್ಸ್ ಕೆಳಗೆ ಕೈಯಿಂದ ಗುದ್ದಿದರೂ ಓಡುತ್ತದೆ. ಇದೂ ರೆಸಿಸ್ಟರಾ ಅಣ್ಣ?

ಲಗ್ಗೆರೆ ಗ್ಯಾರೇಜ್

ಇಲ್ಲ ಗುರು. ನಿಮ್ಮದು ಮೋಟಾರೇ. ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ, ಅಥವಾ ಮೋಟಾರಿನ ದಂಡ ಕೂರುವ ಬುಶ್ ಬಿಗಿ ಹಿಡಿದಿದೆ. ಕಡಿಮೆ ವೋಲ್ಟೇಜಿಗೆ ಎದ್ದೇಳಲು ಶಕ್ತಿ ಸಾಲುತ್ತಿಲ್ಲ. ಗುದ್ದಿದರೆ ಬ್ರಷ್ ಒಮ್ಮೆ ತಾಗುತ್ತದೆ, ಅಷ್ಟೇ. ರೆಸಿಸ್ಟರ್ ಹೋದ ಗಾಡಿಯಲ್ಲಿ ಎಷ್ಟು ಗುದ್ದಿದರೂ 1ರಲ್ಲಿ ಓಡುವುದಿಲ್ಲ. ಮೇಷ್ಟ್ರು ಹೇಳಿದ ನಿಂತ ಮೋಟಾರಿನ ಲೆಕ್ಕ ನಿಮ್ಮ ಗಾಡಿಯಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿದೆ. 1ರಲ್ಲಿ ಇಟ್ಟು ತಿರುಗುವುದನ್ನು ಕಾಯುತ್ತಾ ಕೂರಬೇಡಿ, ರೆಸಿಸ್ಟರೂ ಹೋಗುತ್ತದೆ. ಈ ವಾರ ಬನ್ನಿ, ಬಿಚ್ಚಿ ನೋಡೋಣ.

ಕೆಎ02 ವಿಜಯನಗರ

ಇವತ್ತು ಬಿಚ್ಚಿದೆ. ಗ್ಲೋವ್ ಬಾಕ್ಸ್ ಸುಲಭವಾಗಿ ಬಂತು. ರೆಸಿಸ್ಟರ್ ಸಿಕ್ಕಿತು. ಒಂದು ಸುರುಳಿಯ ಹತ್ತಿರ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿದೆ. ಥರ್ಮಲ್ ಫ್ಯೂಸ್ ಎರಡು ತುದಿಗೆ ಮೀಟರ್ ಇಟ್ಟರೆ ಓಪನ್, ಅಂದರೆ ಕಡಿದುಹೋಗಿದೆ. ಸುರುಳಿಗಳಲ್ಲಿ ಮಾತ್ರ ಬೀಪ್ ಬರುತ್ತದೆ.

ಕಪ್ಲರಿನಲ್ಲಿ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಸ್ವಲ್ಪ ಕರಗಿದೆ. ಇನ್ನು ಗಾಳಿ ಡಬ್ಬದ ಒಳಗೆ ಟಾರ್ಚ್ ಬಿಟ್ಟು ನೋಡಿ ಗಾಬರಿಯಾಯಿತು. ಒಣಗಿದ ಹೊಂಗೆ ಹೂವು, ಮಳೆಮರದ ಸಣ್ಣ ಎಲೆ, ಧೂಳು, ಎಲ್ಲ ಸೇರಿ ಮೆತ್ತೆಯಂತಾಗಿದೆ. ಎಸಿ ಫಿಲ್ಟರ್ ಇರಬೇಕಾದ ಜಾಗದಲ್ಲಿ ಫಿಲ್ಟರೇ ಇಲ್ಲ! ಬರೀ ಖಾಲಿ ಗೂಡು.

ಒಂದು ಅನುಮಾನ. ಕೀ ಆನ್ ಮಾಡಿ, ನಾಬ್ 2ರಲ್ಲಿಟ್ಟು ಮೋಟಾರಿನ ಕಪ್ಲರ್ ಹಿಂದೆಯಿಂದ ನೋಡಿದರೆ ಎರಡೂ ವೈರಿನಲ್ಲಿ 12 ವೋಲ್ಟ್ ತೋರಿಸುತ್ತದೆ. ಎರಡೂ ಪಾಸಿಟಿವ್ ಹೇಗೆ ಬರುತ್ತದೆ? ಎಲ್ಲೋ ಶಾರ್ಟ್ ಆಗಿದೆಯಾ?

ಇಇಇ ಮೇಷ್ಟ್ರು, ಮಲ್ಲೇಶ್ವರ

ಶಾರ್ಟ್ ಅಲ್ಲಮ್ಮ. ನಿಮ್ಮ ಕಾರಿನಲ್ಲಿ ಪಾಸಿಟಿವ್ ನೇರ ಮೋಟಾರಿಗೆ ಬರುತ್ತದೆ. ರೆಸಿಸ್ಟರ್ ಮತ್ತು ಸ್ವಿಚ್ ಅರ್ತ್ ಕಡೆ ಇವೆ. ಫ್ಯೂಸ್ ಕಡಿದುಹೋದ್ದರಿಂದ ಅರ್ತಿಗೆ ದಾರಿ ಇಲ್ಲ. ಕರೆಂಟ್ ಹರಿಯದಿದ್ದರೆ ಮೋಟಾರಿನಲ್ಲಿ ವೋಲ್ಟ್ ಬೀಳುವುದಿಲ್ಲ. ಅದಕ್ಕೇ ಮೋಟಾರಿನ ಆಚೆ ತುದಿಯಲ್ಲೂ ಅದೇ 12 ಕಾಣುತ್ತದೆ. ಮೀಟರಿನ ಕಪ್ಪು ಕಡ್ಡಿಯನ್ನು ಕಾರಿನ ಬಾಡಿಯ ಮೇಲೆ ಇಡದೆ, ಎರಡೂ ಕಡ್ಡಿಯನ್ನು ಮೋಟಾರಿನ ಎರಡು ವೈರಿಗೆ ಇಡಿ. ಸೊನ್ನೆ ಬರುತ್ತದೆ. ಅದೇ ಸರಿಯಾದ ಅಳತೆ.

ಸುರುಳಿಯ ಓಮ್ ಅಳೆಯುವಾಗಲೂ ಒಂದು ಎಚ್ಚರಿಕೆ ಬೇಕು. ಇವು ಒಂದೆರಡು ಓಮಿನ ಒಳಗಿನ ಲೆಕ್ಕ. ಮೀಟರಿನ ವೈರಿನದ್ದೇ ಪಾಯಿಂಟ್ ಎರಡೋ ಮೂರೋ ಇರುತ್ತದೆ. ಮೊದಲು ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತದೆ ನೋಡಿ, ಅದನ್ನು ಕಳೆಯಿರಿ.

ಕಸ ಕಟ್ಟಿದ್ದಕ್ಕೂ ರೆಸಿಸ್ಟರ್ ಸುಟ್ಟಿದ್ದಕ್ಕೂ ಸಂಬಂಧ ಇದೆ. ಆದರೆ ಅದು ಹಲವರು ಹೇಳುವ ಹಾಗಲ್ಲ. ಗಾಳಿ ಕಟ್ಟಿದರೆ ಮೋಟಾರಿಗೆ ಭಾರ ಜಾಸ್ತಿಯಾಗುತ್ತದೆ ಎನ್ನುತ್ತಾರೆ. ಈ ಜಾತಿಯ ಬ್ಲೋವರಿನಲ್ಲಿ ಗಾಳಿ ಕಡಿಮೆಯಾದರೆ ಭಾರವೂ ಇಳಿಯುತ್ತದೆ. ಮೋಟಾರ್ ಇನ್ನೂ ಜೋರಾಗಿ ಸುತ್ತುತ್ತದೆ, ಸದ್ದು ತೀಕ್ಷ್ಣವಾಗುತ್ತದೆ. ತೊಂದರೆ ಇರುವುದು ರೆಸಿಸ್ಟರಿಗೆ. ಅದಕ್ಕೆ ತಗಲಬೇಕಾದ ಗಾಳಿ ಸಿಗುವುದಿಲ್ಲ. ಹಾಗೆಯೇ ಕಸ ಚಕ್ರದ ಒಳಗೆ ಸೇರಿ ಉಜ್ಜತೊಡಗಿದರೆ, ಆಗ ಮಾತ್ರ ಮೋಟಾರಿನ ಕರೆಂಟೂ ಏರುತ್ತದೆ.

ಲಗ್ಗೆರೆ ಗ್ಯಾರೇಜ್

ಮೇಡಂ, ನೀವು ಫೋಟೋ ಹಾಕದಿದ್ದರೂ ನನಗೆ ಆ ಕಸ ಕಣ್ಣಿಗೆ ಕಂಡಂತಾಯಿತು. ಬೆಂಗಳೂರಿನ ಗಾಡಿಗಳಲ್ಲಿ ಇದು ಜಾಸ್ತಿ. ಮಾರ್ಚ್, ಏಪ್ರಿಲ್‌ನಲ್ಲಿ ಹೊಂಗೆ ಹೂವು ಉದುರುತ್ತದೆ. ವೈಪರ್ ಕೆಳಗಿನ ಜಾಲರಿಯಲ್ಲಿ ನೇರ ಒಳಗೆ ಹೋಗುವಷ್ಟು ಚಿಕ್ಕದು. ಗುಲ್‌ಮೊಹರ್ ಎಲೆಯೂ ಹಾಗೇ. ಹೊರಗಿನ ಗಾಳಿಯ ಬಾಗಿಲು ತೆರೆದಿಟ್ಟು ಮರದ ಕೆಳಗೆ ನಿಲ್ಲಿಸಿದರೆ ಎಲ್ಲ ಬ್ಲೋವರಿನ ಮೇಲೇ ಬೀಳುತ್ತದೆ. ಕೆಲವು ಹಳೇ ಮಾದರಿಗಳಲ್ಲಿ ಫಿಲ್ಟರಿಗೆ ಗೂಡು ಮಾಡಿ ಫಿಲ್ಟರ್ ಹಾಕದೆ ಕೊಡುತ್ತಿದ್ದರು. ಅಳತೆ ನೋಡಿ ಒಂದು ತಂದು ಹಾಕಿ.

ಮೋಟಾರನ್ನು ಕೆಳಗೆ ಇಳಿಸಿ. ಸಾಮಾನ್ಯವಾಗಿ ಮೂರು ಸ್ಕ್ರೂ. ಚಕ್ರದ ಪಕ್ಕೆಗಳ ನಡುವೆ ಬ್ರಷ್ ಹಾಕಿ ಕಸ ತೆಗೆಯಿರಿ. ಆ ಚಕ್ರಕ್ಕೆ ತೂಕ ಸಮ ಮಾಡಲು ಸಣ್ಣ ಕ್ಲಿಪ್ ಹಾಕಿರುತ್ತಾರೆ. ಅದನ್ನು ಕಸ ಎಂದು ಕಿತ್ತರೆ ಆಮೇಲೆ ಡ್ಯಾಶ್‌ಬೋರ್ಡೇ ನಡುಗುತ್ತದೆ. ಕೈಯಿಂದ ತಿರುಗಿಸಿ ಬಿಡಿ. ಒಂದೆರಡು ಸುತ್ತು ತಾನೇ ಹೋಗಬೇಕು. ಕೂಡಲೇ ನಿಂತರೆ, ಅಥವಾ ಕಿರುಗುಟ್ಟಿದರೆ ಬುಶ್ ಹೋಗಿದೆ. ಪೂರ್ತಿ ಜೋಡಿಸಿದ ಮೇಲೆ 4ರಲ್ಲಿ ಕ್ಲಾಂಪ್ ಮೀಟರ್ (ವೈರಿನ ಸುತ್ತ ಹಿಡಿಸಿ ಅಳೆಯುವ ಮೀಟರ್) ಹಾಕಿ ಕರೆಂಟ್ ನೋಡಿ. ಡಿಸಿ ಅಳೆಯುವ ಕ್ಲಾಂಪ್ ಬೇಕು, ಎಲ್ಲದರಲ್ಲೂ ಬರುವುದಿಲ್ಲ.

ಕರಗಿದ ಕಪ್ಲರ್ ವಿಷಯ ಈಗ. ಇದನ್ನು ಬಿಟ್ಟರೆ ಎಲ್ಲ ಕೆಲಸ ವೇಸ್ಟ್. ಪಿನ್ ಸಡಿಲವಾಗಿ ತಾಗುವ ಜಾಗದಲ್ಲಿ 0.1 ಓಮ್ ಇದ್ದರೂ, 15 ಆಂಪಿಯರ್ ಹರಿದಾಗ ಅಲ್ಲೇ 22.5 ವಾಟ್ ಬಿಸಿ. ಎಸ್‌.ಪಿ. ರೋಡಿನಲ್ಲಿ ಸಿಗುವ 25 ವಾಟಿನ ಬೆಸುಗೆ ಕಡ್ಡಿಯನ್ನು ಕಪ್ಲರ್ ಒಳಗೆ ಸಿಕ್ಕಿಸಿಟ್ಟ ಹಾಗೆ. ಹಳೇ ಕಪ್ಲರಿಗೆ ಹೊಸ ರೆಸಿಸ್ಟರ್ ಹಾಕಿದರೆ ಹೊಸ ಪಿನ್ನನ್ನೂ ಅದು ಸುಡುತ್ತದೆ. ವೈರ್ ಸಮೇತ ಬರುವ ಹೊಸ ಕಪ್ಲರ್ ತನ್ನಿ. ಹಳೇ ವೈರ್ ಎಷ್ಟು ದಪ್ಪ ಇದೆಯೋ ಅಷ್ಟೇ ದಪ್ಪ ಇರಲಿ, ಸಣ್ಣದು ಬೇಡ. ಕಪ್ಪಾದ ತಾಮ್ರವನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಆಮೇಲೆ ಜೋಡಿಸಿ. ಬರೀ ತಿರುಚಿ ಟೇಪ್ ಸುತ್ತಬೇಡಿ.

ಕೆಎ05 ಜಯನಗರ

ಜೆ.ಸಿ. ರೋಡಿಗೆ ಹೋಗುವಾಗ ಹಳೇ ರೆಸಿಸ್ಟರ್ ಮತ್ತು ಕಪ್ಲರ್ ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದೇ ಮಾದರಿಯಲ್ಲೂ ವರ್ಷಕ್ಕೆ ತಕ್ಕಂತೆ ಪಿನ್ ಬೇರೆ ಬೇರೆ ಇರುತ್ತದೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಕಾರ್ ತಗೊಂಡು ಹೋದರೆ ನಿಲ್ಲಿಸಲು ಜಾಗ ಸಿಗುವುದಿಲ್ಲ. ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಸ್ಟೇಷನ್ನಿಗೆ ಬಂದು ನಡೆದುಬಿಡಿ. ಶಿವಾಜಿನಗರದ ಗುಜರಿಯಲ್ಲೂ ಹಳೇದು ಸಿಗುತ್ತದೆ, ಆದರೆ ಇದನ್ನು ಮಾತ್ರ ಹಳೇದು ತಗೋಬೇಡಿ. ಬಿಸಿ ತಿಂದ ಸಾಮಾನು ಅದು.

ಕೆಎ12 ಮಡಿಕೇರಿ

ಎಡೆಯಲ್ಲಿ ಬಂದೆ, ಕ್ಷಮಿಸಿ. ಫ್ಯಾನ್ ಸರಿಯಾಗುವವರೆಗೆ ಮಂಜಿನದ್ದೇ ಚಿಂತೆ ಅಂದಿದ್ದೀರಿ. ನಮ್ಮೂರಿನ ಮಳೆಗೆ ನಾವು ಮಾಡುವುದು ಇದು: ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ತೆರೆಯಿರಿ, ಎಸಿಯನ್ನೂ ಹೀಟರನ್ನೂ ಒಟ್ಟಿಗೇ ಹಾಕಿ. ಎಸಿ ಗಾಳಿಯ ಪಸೆ ತೆಗೆಯುತ್ತದೆ, ಹೀಟರ್ ಬೆಚ್ಚಗೆ ಮಾಡುತ್ತದೆ. ಗಾಜು ಬೇಗ ತಿಳಿಯಾಗುತ್ತದೆ. ಗಾಡಿ ಹೊರಡುವ ಮುಂಚೆ ಸ್ವಲ್ಪ ಹೊತ್ತು 4ರಲ್ಲಿ ಇಟ್ಟು, ತಿಳಿಯಾದ ಮೇಲೆ ಆಫ್ ಮಾಡಿ ಹೋಗಬಹುದು. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ಉಸಿರಿನ ಪಸೆಯೆಲ್ಲ ಒಳಗೇ ಉಳಿದು ಮತ್ತೆ ಮಂಜು ಕಟ್ಟುತ್ತದೆ.

ಕೆಎ51 ಎಲೆಕ್ಟ್ರಾನಿಕ್ ಸಿಟಿ

ನನ್ನ ಕಾರಿನಲ್ಲಿ ಆಟೋ ಕ್ಲೈಮೇಟ್ ಇದೆ, ನಾಬಿನ ಬದಲು ಬಟನ್. ಫ್ಯಾನ್ ಯಾವಾಗಲೂ ಪೂರ್ತಿ ಜೋರಲ್ಲೇ ಓಡುತ್ತದೆ, ಕಡಿಮೆ ಮಾಡಿದರೂ ಕೇಳುವುದಿಲ್ಲ. ಇದಕ್ಕೂ ಇದೇ ರೆಸಿಸ್ಟರಾ?

ಇಇಇ ಮೇಷ್ಟ್ರು, ಮಲ್ಲೇಶ್ವರ

ಅಲ್ಲ. ನಿಮ್ಮದರಲ್ಲಿ ಸುರುಳಿಗಳ ಬದಲು ಟ್ರಾನ್ಸಿಸ್ಟರ್ ಮಾಡ್ಯೂಲ್ ಇರುತ್ತದೆ, ಅಲ್ಯೂಮಿನಿಯಂ ರೆಕ್ಕೆಗಳ ಸಮೇತ. ಒಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಹೀಗೆ ಪೂರ್ತಿ ಸ್ಪೀಡಿನಲ್ಲೇ ನಿಲ್ಲುತ್ತದೆ, ಓಪನ್ ಆದರೆ ಓಡುವುದೇ ಇಲ್ಲ. ಇರುವ ಜಾಗ ಮಾತ್ರ ಹೆಚ್ಚುಕಡಿಮೆ ಅದೇ, ಗಾಳಿಯ ದಾರಿಯಲ್ಲಿ. ಅದು ಸುಟ್ಟರೂ ಮೋಟಾರನ್ನು ಪರೀಕ್ಷಿಸಲೇಬೇಕು.

ಕೆಎ02 ವಿಜಯನಗರ

ಎಲ್ಲ ಸ್ಪೀಡೂ ಬಂತು! ಹೊಸ ರೆಸಿಸ್ಟರ್, ವೈರ್ ಸಮೇತ ಹೊಸ ಕಪ್ಲರ್, ಫಿಲ್ಟರ್, ಮೂರೂ ಹಾಕಿದೆ. ಎಲ್ಲ ಸೇರಿ ಆ ಎಸ್ಟಿಮೇಟಿನ ಹತ್ತಿರಕ್ಕೂ ಹೋಗಲಿಲ್ಲ. ಮೋಟಾರ್ ಇಳಿಸಿ ಚಕ್ರ ಸ್ವಚ್ಛ ಮಾಡಿದೆ, ಕ್ಲಿಪ್ ಮುಟ್ಟಲಿಲ್ಲ. ಕೈಯಿಂದ ಸುತ್ತಿಸಿದರೆ ಹಗುರವಾಗಿ ತಿರುಗುತ್ತದೆ, ಸದ್ದಿಲ್ಲ.

ಎಂಜಿನ್ ಓಡಿಸಿ ಮೋಟಾರಿನ ಎರಡು ವೈರಿಗೆ ಮೀಟರ್ ಇಟ್ಟಾಗ 1ರಲ್ಲಿ 5 ವೋಲ್ಟಿನ ಹತ್ತಿರ, 2ರಲ್ಲಿ 7, 3ರಲ್ಲಿ 9 ಚಿಲ್ಲರೆ, 4ರಲ್ಲಿ 13 ಮೇಲೆ. ಪಕ್ಕದ ಮನೆಯವರ ಕ್ಲಾಂಪ್ ಮೀಟರಿನಲ್ಲಿ 4ರಲ್ಲಿ 13 ಆಂಪಿಯರ್ ತೋರಿಸಿತು. ಇದು ಸರಿನಾ ಅಣ್ಣ? ಇನ್ನೊಂದು ಪ್ರಶ್ನೆ. ನಾವು ಮನೆ ಮುಂದೆ ಮರದ ಕೆಳಗೇ ನಿಲ್ಲಿಸಬೇಕು, ಬೇರೆ ಜಾಗವಿಲ್ಲ. ಕಸ ಬೀಳದ ಹಾಗೆ ಏನು ಮಾಡಬಹುದು?

ಕ್ಯಾಬ್ ಓಡಿಸುವವ, ಕೆಂಗೇರಿ

ಭಾರಿ ಕೆಲಸ ಮಾಡಿದ್ದೀರಿ ಅಕ್ಕ. ನಂದೂ ಅಣ್ಣನ ಹತ್ತಿರ ಬಿಚ್ಚಿಸಿದೆ. ಬ್ರಷ್ ಪೂರ್ತಿ ಸವೆದಿತ್ತು. ಮೋಟಾರ್ ಬದಲಾಯಿಸಿದ ಮೇಲೆ ಬೆಳಿಗ್ಗೆ 1ರಲ್ಲೇ ಎದ್ದು ಓಡುತ್ತಿದೆ.

ಲಗ್ಗೆರೆ ಗ್ಯಾರೇಜ್

ವೋಲ್ಟೂ ಸರಿ, ಕರೆಂಟೂ ಸರಿ ಮೇಡಂ. ಈ 13 ಎಂಬ ಅಂಕಿಯನ್ನು ಎಲ್ಲಾದರೂ ಬರೆದಿಡಿ. ಮುಂದೆ ಯಾವತ್ತಾದರೂ ಸದ್ದು ಬದಲಾಯಿತು ಅನಿಸಿದರೆ ಮತ್ತೆ ಅಳೆಯಿರಿ. ಕರೆಂಟ್ ಏರಿದ್ದರೆ ಬುಶ್ ಬಿಗಿಯಾಗುತ್ತಿದೆ ಎಂದರ್ಥ, ರೆಸಿಸ್ಟರ್ ಸುಡುವ ಮುಂಚೆಯೇ ತಿಳಿಯುತ್ತದೆ.

ಮರದ ಕೆಳಗೆ ನಿಲ್ಲಿಸುವಾಗ, ಎಂಜಿನ್ ಆಫ್ ಮಾಡುವ ಮುಂಚೆ ಒಳಗಿನ ಗಾಳಿಯ ಕಡೆಗೆ ತಿರುಗಿಸಿ ಬಿಡಿ, ಬಾಗಿಲು ಮುಚ್ಚಿಕೊಳ್ಳುತ್ತದೆ. ಓಡಿಸುವಾಗ ಮಂಜು ಕಟ್ಟಿದರೆ ಮತ್ತೆ ತೆರೆಯಿರಿ. ಬಾನೆಟ್ ಎತ್ತಿದಾಗಲೆಲ್ಲ ವೈಪರ್ ಕೆಳಗಿನ ಜಾಲರಿಯ ಎಲೆ ತೆಗೆಯಿರಿ. ಅಲ್ಲಿ ನೀರು ಇಳಿಯುವ ತೂತು ಕಟ್ಟಿದರೆ ಮಳೆ ನೀರು ಬ್ಲೋವರಿನ ಮೇಲೇ ಬರುತ್ತದೆ. ಇಲಿ ಕಾಟ ಇದ್ದರೆ ಅದನ್ನೂ ನೋಡಿಕೊಳ್ಳಿ, ಬೆಚ್ಚಗಿರುವ ಆ ಡಬ್ಬದಲ್ಲಿ ಗೂಡು ಕಟ್ಟುತ್ತವೆ.

ಒಂದು ಕೆಲಸ ಬಾಕಿ ಇದೆ. 3ರಲ್ಲಿ ಕಾಲು ಗಂಟೆ ಓಡಿಸಿ, ಗ್ಲೋವ್ ಬಾಕ್ಸ್ ಇಳಿಸಿ ಹೊಸ ಕಪ್ಲರನ್ನು ಹೊರಗಿನಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲಾಗದಷ್ಟು ಸುಟ್ಟರೆ ಪಿನ್ ಇನ್ನೂ ಸಡಿಲ ಇದೆ, ಜೋಡಿಸಿದ್ದನ್ನು ಮತ್ತೆ ಬಿಗಿ ಮಾಡಬೇಕು. ನೋಡಿ ಇಲ್ಲೇ ಬರೆಯಿರಿ.

ಕೆಎ02 ವಿಜಯನಗರ

ಈಗಷ್ಟೇ ನೋಡಿದೆ ಅಣ್ಣ. ಬೆಚ್ಚಗಿದೆ, ಬೆರಳು ಇಟ್ಟುಕೊಂಡೇ ಇರಬಹುದು.